ಎಣ್ಣೆ ಬಾಟಲಿಯ ಅಂಚು ಎಲ್ಲಿ ಹೋಯಿತು? ಗಾಜಿನ ಫೋಟೋಕ್ಕೆ ಬೆಳಕು ಹೊಂದಿಸುವ ಬಗೆ

ಪ್ರಶ್ನೆ: ಬದಿಯಡ್ಕದಲ್ಲಿ ನಮ್ಮದೊಂದು ಸಣ್ಣ ಸ್ಟುಡಿಯೊ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ ಇಷ್ಟೇ ನಮ್ಮ ಕೆಲಸವಾಗಿತ್ತು. ಈಗ ಸುತ್ತಲಿನ ಮನೆಯುದ್ಯಮದವರು ತೆಂಗಿನೆಣ್ಣೆ, ಜೇನು, ಪುನರ್ಪುಳಿ (ಕೋಕಂ) ಸಿರಪ್, ಮಿಡಿ ಉಪ್ಪಿನಕಾಯಿ ತುಂಬಿದ ಗಾಜಿನ ಬಾಟಲಿಗಳನ್ನು ತಂದು ಆನ್‌ಲೈನ್ ಮಾರಾಟಕ್ಕೆ ಫೋಟೋ ಕೇಳುತ್ತಿದ್ದಾರೆ. ಬಿಳಿ ಹಿನ್ನೆಲೆ ಇಟ್ಟರೆ ಎಣ್ಣೆ ಬಾಟಲಿಯ ಅಂಚೇ ಕಾಣುವುದಿಲ್ಲ. ಕಪ್ಪು ಇಟ್ಟರೆ ಸಾಫ್ಟ್‌ಬಾಕ್ಸಿನ (ಫ್ಲ್ಯಾಶಿನ ಮುಂದೆ ತೊಡಿಸುವ, ಬಿಳಿ ಬಟ್ಟೆಯ ಮುಖವಿರುವ ಪೆಟ್ಟಿಗೆ) ಬಿಳಿ ಚೌಕ, ಜೊತೆಗೆ ಕ್ಯಾಮೆರಾ ಹಿಡಿದ ನಾನು, ಎಲ್ಲ ಗಾಜಿನಲ್ಲಿ ಮೂಡುತ್ತೇವೆ. ಜೇನು ಕರ್ರಗೆ ಬರುತ್ತದೆ. ಎಸಿ ಹಾಕಿದರೆ ಎಣ್ಣೆ ಮಸುಕಾಗುತ್ತದೆ. ನನ್ನಲ್ಲಿರುವುದು 200 ವಾಟ್‌ನ ಎರಡು ಸ್ಟುಡಿಯೊ ಫ್ಲ್ಯಾಶ್, 60×90 ಸೆಂ.ಮೀ.ನ ಒಂದು ಸಾಫ್ಟ್‌ಬಾಕ್ಸ್, ಒಂದು ಕೊಡೆ, ಎಪಿಎಸ್-ಸಿ ಕ್ಯಾಮೆರಾ, 18–55 ಲೆನ್ಸ್. ಕೋಣೆ 10×12 ಅಡಿ, ಗೋಡೆ ಬಿಳಿ. ಒಂದೇ ಸೆಟಪ್ಪಿನಲ್ಲಿ ಎಲ್ಲ ಬಾಟಲಿ ಮುಗಿಸಬಹುದೇ? ಪೋಲರೈಸರ್ (ಲೆನ್ಸಿನ ಮುಂದೆ ಹಾಕುವ, ಹೊಳಪು ತಗ್ಗಿಸುವ ಫಿಲ್ಟರ್) ಕೊಂಡರೆ ಸರಿಹೋದೀತೆ?

ಉತ್ತರ: ಪೋಲರೈಸರ್ ವಿಷಯ ಮೊದಲು ಮುಗಿಸೋಣ. ಅದಕ್ಕೆ ಈಗಲೇ ದುಡ್ಡು ಹಾಕಬೇಡಿ. ಗಾಜಿನ ಹೊಳಪನ್ನು ಅದು ಪೂರ್ತಿ ಕತ್ತರಿಸುವುದು ಒಂದು ಕೋನದ ಆಸುಪಾಸಿನಲ್ಲಿ ಮಾತ್ರ. ಸಾಮಾನ್ಯ ಗಾಜಿಗೆ ಆ ಕೋನ, ಮೇಲ್ಮೈಗೆ ನೇರ ಲಂಬವಾಗಿ ಎಳೆದ ಗೆರೆಯಿಂದ ಸುಮಾರು 56 ಡಿಗ್ರಿ. ಕಪಾಟಿನ ಚಪ್ಪಟೆ ಗಾಜಾದರೆ ಕ್ಯಾಮೆರಾವನ್ನು ಆ ಕೋನಕ್ಕೆ ಒಯ್ದು ನಿಲ್ಲಿಸಬಹುದು. ದುಂಡು ಬಾಟಲಿಯ ಮೈ ಸೆಂಟಿಮೀಟರಿಗೊಂದು ದಿಕ್ಕಿಗೆ ತಿರುಗಿರುತ್ತದೆ. ಒಂದು ಪಟ್ಟಿಯ ಹೊಳಪು ಹೋದರೆ ಪಕ್ಕದ್ದು ಹಾಗೆಯೇ ಉಳಿಯುತ್ತದೆ. ಮೇಲಾಗಿ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕನ್ನು ಅದೇ ನುಂಗುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು ಅಥವಾ ಇಮ್ಮಡಿಯಾಗುವುದು). ಆ ದುಡ್ಡಿನಲ್ಲಿ ಫ್ಲೆಕ್ಸ್ ಅಂಗಡಿಯಿಂದ ಬಿಳಿ ಸನ್‌ಬೋರ್ಡ್ (ಹಗುರ ಫೋಮ್ ಹಲಗೆ), 3 ಮಿ.ಮೀ.ನ ಹಾಲುಬಿಳಿ ಅಕ್ರಿಲಿಕ್ ಶೀಟ್, ಸ್ಟೇಶನರಿ ಅಂಗಡಿಯಿಂದ ದೊಡ್ಡ ಟ್ರೇಸಿಂಗ್ ಪೇಪರ್, ಕಪ್ಪು ಚಾರ್ಟ್, ಬೈಂಡರ್ ಕ್ಲಿಪ್, ಬಟ್ಟೆ ಅಂಗಡಿಯಿಂದ ಮೂರು ಮೀಟರ್ ಕಪ್ಪು ವೆಲ್ವೆಟ್ ಬರುತ್ತವೆ. ನಿಮ್ಮ ಕೆಲಸ ನಡೆಯುವುದು ಇವುಗಳಿಂದ.

ಇನ್ನು ಮೂಲ ತೊಂದರೆ. ಮದುಮಗಳ ಮುಖಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಚರ್ಮ ಆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಅದರಲ್ಲಿ ಒಂದು ಪಾಲು ಕ್ಯಾಮೆರಾಕ್ಕೂ ಬರುತ್ತದೆ. ನಯವಾದ ಗಾಜು ಚದುರಿಸುವುದೇ ಇಲ್ಲ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಒಂದೊಂದು ಮೇಲ್ಮೈಯಲ್ಲಿ ಸುಮಾರು 4 ಶೇಕಡ ಮಾತ್ರ ಕನ್ನಡಿಯಂತೆ ಹಿಂದಿರುಗುತ್ತದೆ, ಉಳಿದದ್ದು ದಾಟಿ ಹೋಗುತ್ತದೆ. ಹಾಗಾಗಿ ಫ್ಲ್ಯಾಶಿನ ಪವರ್ ಎಷ್ಟು ಏರಿಸಿದರೂ ಬಾಟಲಿ ಬೆಳಗುವುದಿಲ್ಲ. ಅದರಲ್ಲಿ ಫ್ಲ್ಯಾಶಿನ ಬಿಂಬ ಮಾತ್ರ ಇನ್ನಷ್ಟು ಬೆಳ್ಳಗಾಗುತ್ತದೆ. ಫೋಟೋದಲ್ಲಿ ಗಾಜೆಂದು ನಮಗೆ ಕಾಣುವುದು ಎರಡೇ: ಹಿಂದಿನಿಂದ ಅದರ ಮೂಲಕ ಬಾಗಿ ಬಂದದ್ದು, ಮುಂದಿನಿಂದ ಅದರ ಮೈಮೇಲೆ ಪ್ರತಿಫಲಿಸಿದ್ದು. ನೀವು ಬೆಳಗಬೇಕಾದ್ದು ಬಾಟಲಿಯ ಹಿಂದಿರುವುದನ್ನು ಮತ್ತು ಪಕ್ಕದಲ್ಲಿರುವುದನ್ನು. ಮೊದಲು ಹಿನ್ನೆಲೆ, ಆಮೇಲೆ ಅಂಚು, ಆಮೇಲೆ ಒಳಗಿನ ದ್ರವ, ಕಟ್ಟಕಡೆಗೆ ಲೇಬಲ್. ಈ ಅನುಕ್ರಮ ತಪ್ಪಿಸಿದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದು ಕೆಡುತ್ತದೆ.

ಬೆಳಕಿಗೆ ಮುಂಚೆ

ಕ್ಯಾಮೆರಾ ಟ್ರೈಪಾಡಿನ ಮೇಲೆ, ಅಡ್ಡಲಾಗಿ ಅಲ್ಲ, ನೆಟ್ಟಗೆ ನಿಲ್ಲಿಸಿ. ಲೆನ್ಸ್ 55ಕ್ಕೆ. ಬಾಟಲಿಯಿಂದ ಸೆನ್ಸರ್‌ಗೆ ಒಂದು ಮೀಟರ್. ಈ ದೂರದಲ್ಲಿ ಫ್ರೇಮಿನೊಳಗೆ ಸುಮಾರು 42 ಸೆಂ.ಮೀ. ಎತ್ತರ, 28 ಸೆಂ.ಮೀ. ಅಗಲದ ಜಾಗ ಸಿಗುತ್ತದೆ, 24 ಸೆಂ.ಮೀ.ನ ಬಾಟಲಿಗೆ ಮೇಲೆ ಕೆಳಗೆ ಹದವಾದ ಖಾಲಿ ಬಿಡಬಹುದು. ಜಾಗ ಸಾಲದೆಂದು 18–24ರ ಕಡೆಗೆ ಬಂದರೆ ಎರಡು ಕೇಡು. ಬಾಟಲಿಯ ಭುಜ ಉಬ್ಬಿ ತಳ ಕುಗ್ಗುತ್ತದೆ. ಅಗಲ ನೋಟಕ್ಕೆ ಅಗಲವಾದ ಹಿನ್ನೆಲೆ ಬೇಕಾಗಿ ನಿಮ್ಮ ಸಾಫ್ಟ್‌ಬಾಕ್ಸೂ ಸಾಲದೆ ಬರುತ್ತದೆ. ಲೆನ್ಸಿನ ಎತ್ತರ ಬಾಟಲಿಯ ಅರ್ಧಕ್ಕೆ ಸಮ ಇರಲಿ.

ಐಎಸ್‌ಒ 100, ಶಟರ್ 1/125, ಅಪರ್ಚರ್ ಎಫ್ 11, ರಾ ಫೈಲ್, ಎಲ್ಲವೂ ಮ್ಯಾನುಯಲ್. ಎಫ್ 11ರಲ್ಲಿ ಈ ದೂರಕ್ಕೆ ಹತ್ತಿರ ಹತ್ತಿರ 13 ಸೆಂ.ಮೀ. ಆಳ ಸ್ಪಷ್ಟವಿರುತ್ತದೆ. ಫೋಕಸ್ ಲೇಬಲ್ಲಿನ ಅಕ್ಷರದ ಮೇಲಿಟ್ಟರೆ 7 ಸೆಂ.ಮೀ. ದಪ್ಪದ ಬಾಟಲಿಯ ಅಂಚೂ ಅದರೊಳಗೆ ಬಂದುಬಿಡುತ್ತದೆ. ಎಫ್ 16, 22ಕ್ಕೆ ಹೋದರೆ ಇಡೀ ಚಿತ್ರವೇ ಸ್ವಲ್ಪ ಮೆತ್ತಗಾಗುತ್ತದೆ. ಈಗ ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆಯಿರಿ. ಕ್ಯಾಮೆರಾದ ಪರದೆ ಪೂರ್ತಿ ಕಪ್ಪಾಗಿರಬೇಕು. ಏನಾದರೂ ಕಂಡರೆ ಟ್ಯೂಬ್‌ಲೈಟ್ ಅಥವಾ ಕಿಟಕಿಯ ಬೆಳಕು ಒಳಗೆ ಬರುತ್ತಿದೆ ಎಂದರ್ಥ. ಅದನ್ನು ಮುಚ್ಚದೆ ಮುಂದೆ ಹೋಗಬೇಡಿ.

ತೊಳೆಯುವುದು ಬೇಸರದ ಕೆಲಸ, ಆದರೆ ಕಂಪ್ಯೂಟರಿನಲ್ಲಿ ಒಂದು ಗಂಟೆ ಉಳಿಸುತ್ತದೆ. ಹಿಂದಿನಿಂದ ಬೆಳಕು ಬಂದಾಗ ಬೆರಳ ಗುರುತು, ಸೋಪಿನ ಕಲೆ, ಬಟ್ಟೆಯ ಎಳೆ ಎಲ್ಲವೂ ಬರಿಗಣ್ಣಿಗಿಂತ ಹತ್ತು ಪಾಲು ಎದ್ದು ಕಾಣುತ್ತವೆ. ಖಾಲಿ ಬಾಟಲಿ ಕೊಡುವಂತಿದ್ದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ. ನಲ್ಲಿ ನೀರು ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ. ತುಂಬಿ ಸೀಲ್ ಮಾಡಿದ ಬಾಟಲಿಯಾದರೆ ಮೈಕ್ರೋಫೈಬರ್ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಗಾಜನ್ನು ಮಾತ್ರ ಒರೆಸಿ, ಲೇಬಲ್ಲಿನ ಶಾಯಿಗೆ ತಾಗಿಸಬೇಡಿ. ಅಲ್ಲಿಂದ ಮುಂದೆ ಹತ್ತಿಯ ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಪ್ರತಿ ಬಗೆಯಲ್ಲೂ ಐದಾರು ಬಾಟಲಿ ತರಿಸಿ, ಅಂಟಿನ ಗೆರೆ ಇಲ್ಲದ, ಲೇಬಲ್ ನೆಟ್ಟಗೆ ಅಂಟಿರುವ, ಗಾಜಿನಲ್ಲಿ ಗುಳ್ಳೆ ಇಲ್ಲದ ಒಂದನ್ನು ಆರಿಸಿಕೊಳ್ಳಿ.

ಎಣ್ಣೆ ಮಸುಕಾಗುವುದಕ್ಕೆ ಕಾರಣ ಬೆಳಕಲ್ಲ. ತೆಂಗಿನೆಣ್ಣೆ ಸುಮಾರು 24–25 ಡಿಗ್ರಿಯ ಕೆಳಗೆ ಹೆಪ್ಪುಗಟ್ಟಲು ತೊಡಗುತ್ತದೆ. ನಿಮ್ಮ ಎಸಿ 22ರಲ್ಲಿದ್ದರೆ ಕೆಲ ಹೊತ್ತಿನಲ್ಲಿ ತಳದಿಂದ ಬಿಳಿ ಮೋಡ ಏಳುತ್ತದೆ. ಎಸಿಯನ್ನು 28ಕ್ಕೆ ಇಡಿ ಅಥವಾ ಆರಿಸಿಬಿಡಿ. ಈಗಾಗಲೇ ಗಟ್ಟಿಯಾಗಿದ್ದರೆ ಬಾಟಲಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಲೇಬಲ್ ನೆನೆಯದಂತೆ, ಕೈಗೆ ಹಿತವಾಗುವ ಬಿಸಿನೀರಿನಲ್ಲಿ ಕಾಲು ಗಂಟೆ ನಿಲ್ಲಿಸಿ. ಜೇನಿಗೂ ಇದೇ ಉಪಚಾರ. ಕುಲುಕಿದ ಜೇನಿನಲ್ಲಿ ಗಾಳಿಗುಳ್ಳೆ ಇಳಿಯಲು ಗಂಟೆಗಟ್ಟಲೆ ಹಿಡಿಯುತ್ತದೆ, ಬಿಸಿನೀರಿನಲ್ಲಿಟ್ಟರೆ ಬೇಗ ಮೇಲೇರುತ್ತವೆ. ಸಾಧ್ಯವಾದರೆ ಹಿಂದಿನ ರಾತ್ರಿಯೇ ತರಿಸಿ ಅಲುಗಾಡಿಸದೆ ಇಟ್ಟುಬಿಡಿ. ಮಳೆಗಾಲದಲ್ಲಿ ತಂಪು ಕೋಣೆಯಿಂದ ಬಾಟಲಿಯನ್ನೋ ಲೆನ್ಸನ್ನೋ ಹೊರಗೆ ತಂದ ಕೂಡಲೇ ಮಂಜು ಹಿಡಿಯುವುದು ನಿಮಗೆ ಗೊತ್ತೇ ಇದೆ. ಎಲ್ಲವೂ ಒಂದೇ ಕೋಣೆಯಲ್ಲಿ ಒಂದು ಗಂಟೆ ಇದ್ದ ಮೇಲೆ ಶುರುಮಾಡಿ.

ಬಿಳಿ ಹಿನ್ನೆಲೆ: ಕಪ್ಪು ಅಂಚು ಎಲ್ಲಿಂದ ತರುವುದು

ಬಿಳಿ ಗೋಡೆ ಹಿಂದೆ, ಬಿಳಿ ಗೋಡೆ ಪಕ್ಕದಲ್ಲಿ, ಬಿಳಿ ಮೇಜು ಕೆಳಗೆ. ಇಂಥಲ್ಲಿ ಗಾಜಿನ ಅಂಚು ಯಾವ ಕಡೆಯ ಬೆಳಕನ್ನು ಬಾಗಿಸಿದರೂ ಬಿಳಿಯೇ ಸಿಗುತ್ತದೆ. ಬಿಳಿಯ ಮೇಲೆ ಬಿಳಿ ಗೆರೆ ಕಾಣುವುದೆಂತು? ಅಂಚು ಕಪ್ಪಾಗಿ ಬರಬೇಕಾದರೆ ಅದಕ್ಕೆ ಬಾಗಿಸಿಕೊಳ್ಳಲು ಕಪ್ಪು ಒದಗಬೇಕು. ಹಾಗಾಗಿ ಫ್ರೇಮಿಗೆ ಬೇಕಾದಷ್ಟೇ ಬಿಳಿ, ಅದರಿಂದಾಚೆ ಎಲ್ಲ ಕತ್ತಲೆ. ಈ ವಿಧಾನದ ಜೀವ ಇಷ್ಟರಲ್ಲಿದೆ.

ಸಾಫ್ಟ್‌ಬಾಕ್ಸನ್ನು ಬಾಟಲಿಯ ಹಿಂದೆ, ಕ್ಯಾಮೆರಾಕ್ಕೆ ಮುಖಮಾಡಿ, 90 ಸೆಂ.ಮೀ. ಬದಿ ಮೇಲುಕೆಳಗಾಗಿ ನಿಲ್ಲಿಸಿ. ಅದೇ ಈಗ ಹಿನ್ನೆಲೆ. ಬಾಟಲಿಯಿಂದ 50 ಸೆಂ.ಮೀ. ಹಿಂದಿಟ್ಟರೆ ಅಲ್ಲಿ ಕ್ಯಾಮೆರಾಕ್ಕೆ ಕಾಣುವ ಜಾಗ ಸುಮಾರು 64×43 ಸೆಂ.ಮೀ. ಉಳಿದ ಬಿಳಿಯನ್ನು ಕಪ್ಪು ಚಾರ್ಟಿನಿಂದ ಮುಚ್ಚಬೇಕು: ಎಡಬಲಗಳಲ್ಲಿ ಸುಮಾರು 8 ಸೆಂ.ಮೀ., ಮೇಲೆ ಕೆಳಗೆ 12 ಸೆಂ.ಮೀ. ಬೈಂಡರ್ ಕ್ಲಿಪ್ಪಿನಿಂದ ಕಚ್ಚಿಸಿದರೆ ಸಾಕು. ಫ್ರೇಮಿನಿಂದ ಬೆರಳಗಲ ಆಚೆಗೆ ಕಪ್ಪು ಶುರುವಾಗಲಿ. ಪಕ್ಕದ ಬಿಳಿ ಗೋಡೆಗೆ ವೆಲ್ವೆಟ್ ಇಳಿಬಿಡಿ.

ಮಾಡಲಿಂಗ್ ಲ್ಯಾಂಪ್ (ಫ್ಲ್ಯಾಶಿನಲ್ಲೇ ಇರುವ, ಉರಿಯುತ್ತಲೇ ಇರುವ ದೀಪ) ಹಾಕಿ ಲೆನ್ಸಿನ ಮೂಲಕವೇ ನೋಡುತ್ತಾ ಚಾರ್ಟನ್ನು ಒಳಕ್ಕೆ ಹೊರಕ್ಕೆ ಸರಿಸಿ. ಒಳಗೆ ತಂದಂತೆ ಅಂಚಿನ ಕಪ್ಪು ಗೆರೆ ದಪ್ಪವಾಗುತ್ತದೆ, ಹೊರಗೆ ಒಯ್ದಂತೆ ಕೂದಲಿನಷ್ಟು ತೆಳ್ಳಗಾಗುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಪ್ರಯೋಜನವಿಲ್ಲ, ಕಣ್ಣಿನ ಜಾಗ ಬದಲಾದರೆ ಅಂಚೂ ಬದಲಾಗುತ್ತದೆ.

ಆದರೆ ಮೇಲಿನ ಅಳತೆ ಸರಿಹೊಂದುವುದು ಖಾಲಿ ಗ್ಲಾಸು, ಖಾಲಿ ಜಾಡಿ ಇಂಥವಕ್ಕೆ. ಹೆಚ್ಚಿನವರು ಎಡವುವುದು ಇಲ್ಲೇ. ದ್ರವ ತುಂಬಿದ ದುಂಡು ಬಾಟಲಿ ಒಂದು ದಪ್ಪ ಲೆನ್ಸ್. ಖಾಲಿ ಗ್ಲಾಸಿನಲ್ಲಿ ಬೆಳಕು ಬಾಗುವುದು ಅಂಚಿನ ತೆಳು ಗೋಡೆಯಲ್ಲಿ ಮಾತ್ರ. ತುಂಬಿದ ಬಾಟಲಿಯಲ್ಲಿ ನಟ್ಟನಡುವಿನ ಗೆರೆ ಬಿಟ್ಟು ಉಳಿದೆಲ್ಲ ಕಡೆಯೂ ಬಾಗುತ್ತದೆ, ಅಂಚಿಗೆ ಹೋದಷ್ಟೂ ಹೆಚ್ಚು. ನೀರಿಗಿಂತ ಎಣ್ಣೆ, ಎಣ್ಣೆಗಿಂತ ಜೇನು ಹೆಚ್ಚು ಬಾಗಿಸುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.33, ತೆಂಗಿನೆಣ್ಣೆಯದು 1.45ರ ಹತ್ತಿರ, ಜೇನಿನದು 1.49ರ ಆಸುಪಾಸು. 7 ಸೆಂ.ಮೀ. ದಪ್ಪದ ಜೇನಿನ ಬಾಟಲಿಯನ್ನು ಮೇಲಿನ ಸೆಟಪ್ಪಿನಲ್ಲಿ ಹಾಗೆಯೇ ಇಟ್ಟರೆ, ಎರಡೂ ಬದಿಯಲ್ಲಿ ಒಂದೂವರೆ ಸೆಂ.ಮೀ.ಯಷ್ಟು ಕಪ್ಪು ಪಟ್ಟಿ ಬಂದು, ನಡುವೆ ನಾಲ್ಕು ಸೆಂ.ಮೀ.ಯಷ್ಟು ಹೊನ್ನಿನ ಪಟ್ಟಿ ಮಾತ್ರ ಉಳಿಯುತ್ತದೆ. ನಿಮ್ಮ ಜೇನು ಕರ್ರಗಾಗುವುದಕ್ಕೆ ಇದೇ ಕಾರಣ. ಪವರ್ ಕಡಿಮೆಯೆಂದು ಫ್ಲ್ಯಾಶ್ ಏರಿಸಿದರೆ ಹಿನ್ನೆಲೆ ಉರಿದುಹೋಗುತ್ತದೆಯೇ ಹೊರತು ಆ ಪಟ್ಟಿ ಕಪ್ಪಾಗಿಯೇ ಇರುತ್ತದೆ. ಅದು ನೋಡುತ್ತಿರುವುದೇ ಕತ್ತಲೆಯ ಕಡೆಗೆ.

ಆದ್ದರಿಂದ ತುಂಬಿದ ಬಾಟಲಿಗೆ ಪಕ್ಕದ ಚಾರ್ಟುಗಳನ್ನು ತೆಗೆದು ಸಾಫ್ಟ್‌ಬಾಕ್ಸನ್ನು 20 ಸೆಂ.ಮೀ.ಗೆ ತನ್ನಿ. ಆಗ 60 ಸೆಂ.ಮೀ. ಅಗಲದ ಬಿಳಿ ಬಾಟಲಿಯ ಕಣ್ಣಿಗೆ ತುಂಬ ಅಗಲವಾಗಿ ಹರಡಿಕೊಂಡು ಕಪ್ಪು ಅಂಚು 3 ಮಿ.ಮೀ.ನಷ್ಟಕ್ಕೆ ಇಳಿಯುತ್ತದೆ. ಜೇನು ಬಣ್ಣ ತುಂಬಿ ನಿಲ್ಲುತ್ತದೆ, ಹೊರಗೆರೆಯೂ ಉಳಿಯುತ್ತದೆ. ತೆಂಗಿನೆಣ್ಣೆಗೆ 25–30 ಸೆಂ.ಮೀ. ಸಾಕು, ಅದಕ್ಕೆ ಹೇಳಿಕೊಳ್ಳುವ ಬಣ್ಣವಿಲ್ಲ, ಅಂಚು ಸ್ವಲ್ಪ ದಪ್ಪವಿದ್ದರೇ ಬಾಟಲಿಯ ಆಕಾರ ಗಟ್ಟಿಯಾಗಿ ಕಾಣುತ್ತದೆ. ಚಪ್ಪಟೆ ಬದಿಯ ಚೌಕ ಬಾಟಲಿಗೆ ಈ ಲೆನ್ಸಿನ ಆಟ ಅಷ್ಟಿಲ್ಲ, ಖಾಲಿ ಗಾಜಿನ ಅಳತೆಯಿಂದಲೇ ಆರಂಭಿಸಬಹುದು.

ಪವರ್ 1/8ರಿಂದ ಶುರುಮಾಡಿ. ಸಾಫ್ಟ್‌ಬಾಕ್ಸ್ ನೇರ ಲೆನ್ಸಿಗೇ ನೋಡುತ್ತಿರುವುದರಿಂದ ಇಷ್ಟೇ ಧಾರಾಳ. ಹಿಸ್ಟೋಗ್ರಾಮಿನಲ್ಲಿ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ; ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ) ಹಿನ್ನೆಲೆಯ ಗುಡ್ಡ ಬಲಗೋಡೆಗೆ ಹತ್ತಿರ ಇರಬೇಕು, ಗೋಡೆ ಹತ್ತಬಾರದು. ಕಂಪ್ಯೂಟರಿನಲ್ಲಿ ನೋಡಿದರೆ, ಕಪ್ಪು 0, ಅಪ್ಪಟ ಬಿಳಿ 255 ಎಂಬ ಲೆಕ್ಕದಲ್ಲಿ, 240–245. ಪೂರ್ತಿ 255ಕ್ಕೆ ಏರಿಸುವುದು ಕಂಪ್ಯೂಟರಿನಲ್ಲೇ ಆಗಲಿ. ಕ್ಯಾಮೆರಾದಲ್ಲೇ ಒಂದೆರಡು ಸ್ಟಾಪ್ ಹೆಚ್ಚಿಗೆ ಹೊಡೆದರೆ ಬೆಳಕು ಲೆನ್ಸಿನೊಳಗೆ ಚೆಲ್ಲಿ, ಕಷ್ಟಪಟ್ಟು ತಂದ ಕಪ್ಪು ಗೆರೆ ಬೂದು ಬಣ್ಣಕ್ಕೆ ತಿರುಗುತ್ತದೆ. ಗೆರೆ ಬೂದಾಗಿ ಕಂಡರೆ ಅರ್ಧ ಸ್ಟಾಪ್ ಇಳಿಸಿ, ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿ, ಹುಡ್ ಹಾಕಿ, ಫ್ರೇಮಿನ ಮೇಲೆ ಕೆಳಗೆ ಕಾಣದ ಬಿಳಿಯನ್ನು ಮುಚ್ಚಿ. ಫ್ಲ್ಯಾಶಿನ ಕನಿಷ್ಠ ಪವರಿನಲ್ಲೂ ಹೆಚ್ಚಾದರೆ ಸಾಫ್ಟ್‌ಬಾಕ್ಸಿನ ಮುಖಕ್ಕೆ ಇನ್ನೊಂದು ಪದರ ಬಿಳಿ ಬಟ್ಟೆ ಕಟ್ಟಿ, ನಡುವೆ ಕಾಣುವ ಬಿಸಿ ಚುಕ್ಕೆಯೂ ಅದರಿಂದ ಹರಡಿಕೊಳ್ಳುತ್ತದೆ.

ಮೇಜಿನ ಅಂಚು ಇನ್ನೊಂದು ತಲೆನೋವು. ಹಿನ್ನೆಲೆ ಬೆಳ್ಳಗೆ, ಮೇಜು ಬೂದು, ನಡುವೆ ಗೆರೆ. ಹಾಲುಬಿಳಿ ಅಕ್ರಿಲಿಕ್ಕನ್ನು ಮೇಜಿನ ಮೇಲೆ ಹಾಸಿ, ಸಾಫ್ಟ್‌ಬಾಕ್ಸಿನ ಕೆಳತುದಿ ಮೇಜಿಗಿಂತ ಕೆಳಗೆ ಇಳಿದಿರುವಂತೆ ಇಟ್ಟರೆ ಬೆಳಕು ಅಕ್ರಿಲಿಕ್ಕಿನ ಮೇಲೂ ಜಾರಿ ಬಂದು ಗೆರೆ ತೆಳುವಾಗುತ್ತದೆ, ಉಳಿದದ್ದನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು. ಗೆರೆಯೇ ಬೇಡವೆಂದರೆ ಬಾಗುವಂಥ ತೆಳ್ಳಗಿನ ಬಿಳಿ ಪ್ಲಾಸ್ಟಿಕ್ ಶೀಟನ್ನು ಸಾಫ್ಟ್‌ಬಾಕ್ಸಿನ ಮುಂದಿನಿಂದ ಮೇಜಿನ ಮೇಲಕ್ಕೆ ಬಳಸಿ ಹಾಸಿ. ಟ್ರೇಸಿಂಗ್ ಪೇಪರಿನಲ್ಲೂ ಇದನ್ನು ಮಾಡುವವರಿದ್ದಾರೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ತೇವಕ್ಕೆ ಅದು ಹಪ್ಪಳದ ಹಾಗೆ ಏರುಪೇರಾಗಿ, ಆ ಸುಕ್ಕೆಲ್ಲ ಬೂದು ಅಲೆಗಳಾಗಿ ಫೋಟೋದಲ್ಲಿ ಬರುತ್ತದೆ. ಅಕ್ರಿಲಿಕ್ಕಿನ ರಕ್ಷಣಾ ಪೇಪರನ್ನು ಫೋಟೋ ತೆಗೆಯುವ ಹೊತ್ತಿಗೆ ಮಾತ್ರ ಸುಲಿಯಿರಿ. ಒಣಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ, ಧೂಳನ್ನೂ ಎಳೆದುಕೊಳ್ಳುತ್ತದೆ.

ಲೇಬಲ್ ಮತ್ತು ಮೈಮೇಲಿನ ಹೊಳಪು

ಹಿಂದಿನ ಬೆಳಕು ಒಂದೇ ಇದ್ದಾಗ ಲೇಬಲ್ ಕಪ್ಪು ಕಾಗದದಂತೆ ಕಾಣುತ್ತದೆ. ಎರಡನೆಯ ಫ್ಲ್ಯಾಶ್ ಬೇಕಾಗುವುದು ಇದಕ್ಕೆ. ಕೊಡೆಯನ್ನು ಮಾತ್ರ ಬಳಸಬೇಡಿ, ಅದರ ಕಡ್ಡಿಗಳೆಲ್ಲ ಬಾಟಲಿಯ ಮೇಲೆ ಜೇಡರ ಬಲೆಯಾಗಿ ಮೂಡುತ್ತವೆ. 40×60 ಸೆಂ.ಮೀ.ನ ಮರದ ಚೌಕಟ್ಟಿಗೆ ಟ್ರೇಸಿಂಗ್ ಪೇಪರ್ ಬಿಗಿದು, ಬಾಟಲಿಯ ಎಡಕ್ಕೆ, ತುಸು ಮುಂದೆ, 30 ಸೆಂ.ಮೀ. ದೂರದಲ್ಲಿ ನೆಟ್ಟಗೆ ನಿಲ್ಲಿಸಿ. ಫ್ಲ್ಯಾಶ್ ಅದರ ಹಿಂದೆ ಅರ್ಧ ಮೀಟರ್ ದೂರದಿಂದ ಹೊಡೆಯಲಿ.

ಈಗ ಬಾಟಲಿಯ ಎಡಮೈಯಲ್ಲಿ ಉದ್ದದ ಬಿಳಿ ಪಟ್ಟಿ ಬರುತ್ತದೆ. ಅದು ಭುಜದಿಂದ ತಳದವರೆಗೆ ಕಡಿಯದೆ ಇಳಿಯಬೇಕು. ನೇರ ನಿಂತ ಬಾಟಲಿ ಮೇಲುಕೆಳಗಿನ ದಿಕ್ಕಿನಲ್ಲಿ ಚಪ್ಪಟೆ ಕನ್ನಡಿಯೇ, 24 ಸೆಂ.ಮೀ. ಬಾಟಲಿಗೆ ಈ ದೂರದಲ್ಲಿ ಕನಿಷ್ಠ 31 ಸೆಂ.ಮೀ. ಎತ್ತರದ ಪರದೆ ಬೇಕಾಗುತ್ತದೆ, ಅದರ ನಡುಭಾಗ ಬಾಟಲಿಯ ನಡುವಿಗೆ ಸಮ ಇರಬೇಕು. ಪಟ್ಟಿ ಅರ್ಧಕ್ಕೇ ಕಡಿದರೆ ಪರದೆ ಗಿಡ್ಡವಾಗಿದೆ ಅಥವಾ ಮೇಲೆ ನಿಂತಿದೆ. ಪರದೆ ಹತ್ತಿರ ಬಂದರೆ ಪಟ್ಟಿ ಅಗಲ, ದೂರ ಹೋದರೆ ಸಪೂರ. ಫ್ಲ್ಯಾಶನ್ನು ಪರದೆಯ ನಟ್ಟನಡುವಿಗೆ ಹೊಡೆಯದೆ ಹಿಂದಿನ ಅಂಚಿಗೆ ಸರಿಸಿ ಹೊಡೆದರೆ ಪಟ್ಟಿ ಒಂದು ಕಡೆ ಗಟ್ಟಿ ಬಿಳಿ, ಇನ್ನೊಂದು ಕಡೆ ಕರಗುವಂತೆ ಬರುತ್ತದೆ. ಕತ್ತರಿಸಿದಂಥ ಚೌಕಕ್ಕೂ ಈ ಕರಗುವ ಪಟ್ಟಿಗೂ ನೋಡುವವರ ಕಣ್ಣಿಗೆ ದೊಡ್ಡ ವ್ಯತ್ಯಾಸ, ಅಗ್ಗದ ಫೋಟೋ ಯಾವುದು ಎಂದು ಅಲ್ಲೇ ಗೊತ್ತಾಗುತ್ತದೆ.

ಬಲಕ್ಕೆ ಇನ್ನೊಂದು ಲೈಟು ಬೇಡ. 10 ಸೆಂ.ಮೀ. ಅಗಲದ ಸನ್‌ಬೋರ್ಡ್ ತುಂಡನ್ನು ಫ್ರೇಮಿನ ಹೊರಗೆ ನಿಲ್ಲಿಸಿದರೆ ಮೆಲುವಾದ ಎರಡನೆಯ ಗೆರೆ ಬರುತ್ತದೆ, ಲೇಬಲ್ಲಿನ ಬಲಬದಿಯೂ ತಿಳಿಯಾಗುತ್ತದೆ. ನಮ್ಮಲ್ಲಿನ ಲೇಬಲ್ಲುಗಳಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇಕ್ಕಟ್ಟಾಗಿ ಕೂತಿರುತ್ತವೆ. 14 ಅಂಕೆಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ಸಂಖ್ಯೆಯ ಮೇಲೆ ಬಿಳಿ ಪಟ್ಟಿ ಕೂತರೆ ಗಿರಾಕಿ ಫೋಟೋ ಹಿಂದಕ್ಕೆ ಕೊಡುತ್ತಾನೆ. ಲೇಬಲ್ ಲ್ಯಾಮಿನೇಶನ್ ಆಗಿದ್ದರೆ ಪರದೆಯನ್ನು ಇನ್ನೂ ಹಿಂದಕ್ಕೆ, ಬಾಟಲಿಯ ಸಾಲಿಗೇ ಒಯ್ಯಿರಿ. ಪಟ್ಟಿ ಅಂಚಿನತ್ತ ಸರಿದು ಲೇಬಲ್ ಬಿಟ್ಟುಕೊಡುತ್ತದೆ. ಆಗ ಲೇಬಲ್ಲಿಗೆ ಬೆಳಕು ಕಡಿಮೆಯಾದರೆ ಕ್ಯಾಮೆರಾದ ಕೆಳಗೆ ಅಂಗೈಯಗಲದ ಬಿಳಿ ಕಾರ್ಡ್ ಹಿಡಿಯಿರಿ.

ನೀವೂ ಕ್ಯಾಮೆರಾವೂ ಗಾಜಿನಲ್ಲಿ ಕಾಣುವುದಕ್ಕೆ ಮದ್ದು ಸುಲಭ. ಕಪ್ಪು ಚಾರ್ಟಿನ ನಡುವೆ ಲೆನ್ಸಿನ ಗಾತ್ರದ ತೂತು ಮಾಡಿ ಲೆನ್ಸಿಗೆ ತೊಡಿಸಿ, ಕಪ್ಪು ಅಂಗಿ ಹಾಕಿ, ರಿಮೋಟ್ ಅಥವಾ ಸೆಲ್ಫ್ ಟೈಮರಿನಲ್ಲಿ ಕ್ಲಿಕ್ ಮಾಡಿ. ಬಾಟಲಿಯ ಭುಜ ಎರಡೂ ದಿಕ್ಕಿಗೆ ಬಾಗಿರುವುದರಿಂದ ಅದು ಮಾಡನ್ನು ನೋಡುತ್ತದೆ. ಅಲ್ಲಿ ಬೂದು ಮಬ್ಬು ಕಂಡರೆ ಬಾಟಲಿಯ ಒಂದಡಿ ಮೇಲೆ ಕಪ್ಪು ಚಾರ್ಟ್ ಅಡ್ಡ ಹಿಡಿಯಿರಿ.

ಕಪ್ಪು ಹಿನ್ನೆಲೆ

ಇದು ಮೇಲಿನದರ ಮಗ್ಗುಲು ಬದಲಾವಣೆ: ಫ್ರೇಮಿನಷ್ಟು ಕಪ್ಪು, ಅದರಾಚೆ ಬಿಳಿ. ಸಾಫ್ಟ್‌ಬಾಕ್ಸನ್ನು ಬಾಟಲಿಯಿಂದ 30 ಸೆಂ.ಮೀ. ಹಿಂದೆ ನಿಲ್ಲಿಸಿ, ಅದರ ಮುಖದ ನಡುವಿಗೆ 40×60 ಸೆಂ.ಮೀ. ಕಪ್ಪು ಚಾರ್ಟ್ ಅಂಟಿಸಿ. ಸುತ್ತ ಉಳಿಯುವ ಬಿಳಿ ಚೌಕಟ್ಟಿನಿಂದ ಬೆಳಕು ಬಂದು ಗಾಜಿನ ಅಂಚಿನಲ್ಲಿ ಬಿಳಿ ಗೆರೆ ಬರೆಯುತ್ತದೆ. ಬೆಳಕು ಚಾರ್ಟಿನ ಮೂಲಕ ಸೋರಿದರೆ ಎರಡು ಪದರ ಮಾಡಿ. ಚೌಕಟ್ಟಿನ ಬೆಳಕು ನೇರ ಲೆನ್ಸಿಗೆ ಬಡಿಯದಂತೆ ಲೆನ್ಸಿನ ಎಡಬಲಕ್ಕೆ ಕಪ್ಪು ಕಾರ್ಡ್ ಕಡ್ಡಾಯ. ಇಲ್ಲದಿದ್ದರೆ ಕಪ್ಪೆಲ್ಲ ಹೊಗೆ ಹಿಡಿದ ಹಾಗಾಗುತ್ತದೆ. ನಿಮ್ಮ ಬಿಳಿ ಗೋಡೆಗಳು ಅತಿ ಹೆಚ್ಚು ತೊಂದರೆ ಕೊಡುವುದೂ ಇಲ್ಲಿ, ವೆಲ್ವೆಟ್ ಇಳಿಬಿಡದೆ ಈ ಫೋಟೋಕ್ಕೆ ಕೈ ಹಾಕಬೇಡಿ. ಧೂಳು ಕೂಡ ನಕ್ಷತ್ರದ ಹಾಗೆ ಮಿನುಗುವುದರಿಂದ ಕ್ಲಿಕ್ಕಿಗೆ ಮುಂಚೆ ಬ್ಲೋವರ್ ಹೊಡೆಯಿರಿ. ಕೆಳಗೆ ಕಪ್ಪು ಅಕ್ರಿಲಿಕ್ ಇದ್ದರೆ ಒಂದೇ ಚೊಕ್ಕ ಪ್ರತಿಬಿಂಬ ಸಿಗುತ್ತದೆ. ಕನ್ನಡಿಯಾಗಲಿ ಸಾದಾ ಗಾಜಾಗಲಿ ಇಟ್ಟರೆ ಮೇಲ್ಮೈಯದ್ದೊಂದು, ತಳದ್ದೊಂದು ಎಂದು ಬಿಂಬ ಜೋಡಿಯಾಗುತ್ತದೆ.

ಪುನರ್ಪುಳಿ ಸಿರಪ್ಪಿಗೆ ಕಪ್ಪು ಹಿನ್ನೆಲೆ ಚಂದ, ಆದರೆ ಸಿರಪ್ಪಿನ ಹಿಂದೆಯೂ ಕಪ್ಪೇ ಇರುವುದರಿಂದ ಅದು ಮಸಿಯಂತೆ ಕಾಣುತ್ತದೆ. ಬಾಟಲಿಯ ಬೆನ್ನಿಗೆ 2–3 ಸೆಂ.ಮೀ. ಅಂತರದಲ್ಲಿ ಒಂದು ಬೆಳ್ಳಿ ಕಾರ್ಡ್ ಬಚ್ಚಿಡಬೇಕು. ಚಾಕಲೇಟ್ ಡಬ್ಬಿಯ ಬೆಳ್ಳಿ ರಟ್ಟು ಸಾಕು. ಅದನ್ನು ಬಾಟಲಿಯ ಅಗಲದ ಮೂರರಲ್ಲಿ ಎರಡು ಪಾಲಿಗೆ, ದ್ರವದ ಮಟ್ಟಕ್ಕಿಂತ ಬೆರಳಗಲ ಗಿಡ್ಡಕ್ಕೆ ಕತ್ತರಿಸಿ. ತುಂಬಿದ ಬಾಟಲಿ ಹಿಂದಿರುವುದನ್ನು ದೊಡ್ಡದು ಮಾಡಿ ತೋರಿಸುವುದರಿಂದ ಇಷ್ಟೇ ಕಾರ್ಡ್ ಅಂಚಿನಿಂದ ಅಂಚಿಗೆ ತುಂಬಿಕೊಳ್ಳುತ್ತದೆ. ದಪ್ಪ ತಂತಿಗೆ ಅಂಟಿಸಿ ಮುಖ ಸ್ವಲ್ಪ ಮೇಲಕ್ಕೆ ವಾಲಿಸಿ. ಎರಡನೆಯ ಫ್ಲ್ಯಾಶಿಗೆ ಕಪ್ಪು ಚಾರ್ಟನ್ನು ಒಂದಡಿ ಉದ್ದದ ಕೊಳವೆಯಾಗಿ ಸುತ್ತಿ, ಮೇಲಿನಿಂದ ಕಾರ್ಡಿಗೆ ಮಾತ್ರ ಬೀಳುವಂತೆ ಹೊಡೆಯಿರಿ. ಮಾಡಲಿಂಗ್ ಲ್ಯಾಂಪ್ ಬಿಸಿಯಾಗುವಂಥದಾದರೆ ಅದನ್ನು ಆರಿಸಿ, ಕಾಗದ ಕರಟೀತು. ಕಾರ್ಡನ್ನು ಎರಡು ಮೂರು ಡಿಗ್ರಿ ಆಚೀಚೆ ತಿರುಗಿಸುತ್ತಾ ಬಂದರೆ ಒಂದು ಹಂತದಲ್ಲಿ ಇಡೀ ಬಾಟಲಿ ಕೆಂಪಗೆ ಹತ್ತಿಕೊಳ್ಳುತ್ತದೆ. ಕಾರ್ಡಿನ ಅಂಚು ಕಂಡರೆ ಅದನ್ನು ಇನ್ನಷ್ಟು ಕತ್ತರಿಸಿ.

ಸಿರಪ್ಪಿಗೆ ಅರ್ಧಕ್ಕರ್ಧ ನೀರು ಬೆರೆಸಿ ಫೋಟೋ ತೆಗೆಯುವ ರೂಢಿಯೂ ಉಂಟು. ಜಾಹೀರಾತಿನ ದೊಡ್ಡ ಬೋರ್ಡಿಗೆ ಹೇಗೋ ಏನೋ, ಆನ್‌ಲೈನ್ ಮಾರಾಟಕ್ಕೆ ಇದು ತಕ್ಕುದಲ್ಲ. ತಿಳಿಗೆಂಪು ನೋಡಿ ತರಿಸಿದವರ ಮನೆಗೆ ಕಡುಗೆಂಪು ಬಾಟಲಿ ಹೋದರೆ ದೂರು ಬರುವುದು ನಿಮ್ಮ ಗಿರಾಕಿಗೆ. ಜೇನಿಗೆ ಚಿನ್ನದ ಬಣ್ಣದ ಕಾರ್ಡ್ ಇಡುವುದೂ ಅದೇ ಜಾತಿಯದು. ಬಿಳಿ ಅಥವಾ ಬೆಳ್ಳಿಯೇ ಇರಲಿ. ಬಣ್ಣದ ವಿಷಯಕ್ಕೆ ಬಂದಿದ್ದರಿಂದ ಹೇಳಿಬಿಡುತ್ತೇನೆ: ಹಳೆಯ ಸಾಫ್ಟ್‌ಬಾಕ್ಸಿನ ಬಟ್ಟೆ, ಟ್ರೇಸಿಂಗ್ ಪೇಪರ್ ಎರಡೂ ತುಸು ಹಳದಿ ಸೇರಿಸುತ್ತವೆ. ಬಾಟಲಿಯ ಜಾಗದಲ್ಲಿ ಗ್ರೇ ಕಾರ್ಡ್ (ಬಣ್ಣ ಸರಿಹೊಂದಿಸಲು ಬಳಸುವ ಬೂದು ರಟ್ಟು) ಇಟ್ಟು ಪರದೆಯ ಲೈಟಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು ಅದರಿಂದಲೇ ವೈಟ್ ಬ್ಯಾಲೆನ್ಸ್ ಸರಿಮಾಡಿ.

ತಂಪು ಪಾನೀಯದ ನೋಟಕ್ಕೆ ಮೈಮೇಲೆ ಹನಿ ಬೇಕೆಂದರೆ ನೀರು ಚಿಮುಕಿಸಬೇಡಿ, ಹರಿದು ಒಣಗಿಹೋಗುತ್ತದೆ. ಮೆಡಿಕಲ್ ಶಾಪಿನ ಗ್ಲಿಸರಿನ್‌ಗೆ ಸಮಪಾಲು ನೀರು ಬೆರೆಸಿ ಸಣ್ಣ ಸ್ಪ್ರೇಯಲ್ಲಿ ಹೊಡೆದರೆ ಹನಿಗಳು ಇಟ್ಟಲ್ಲೇ ನಿಲ್ಲುತ್ತವೆ. ಲೇಬಲ್ಲಿಗೆ ಮುಂಚೆಯೇ ಅಡ್ಡ ಕಾಗದ ಹಿಡಿಯಿರಿ.

ಒಂದೇ ಸೆಟಪ್ಪಿನಲ್ಲಿ ಎಲ್ಲವನ್ನೂ ಮುಗಿಸಲಾಗುವುದಿಲ್ಲ, ಆದರೆ ಸಾಲು ಸರಿಯಾಗಿ ಹಿಡಿದರೆ ಎರಡೂವರೆ ಸೆಟಪ್ಪಿನಲ್ಲಿ ಆಗುತ್ತದೆ. ಮೊದಲು ತೆಂಗಿನೆಣ್ಣೆ, ಎಸಿ ಹಾಕುವ ಮುನ್ನವೇ. ಅಲ್ಲಿಂದ ಸಾಫ್ಟ್‌ಬಾಕ್ಸನ್ನು ಒಂದು ಗೇಣಿಗಿಂತ ಕಡಿಮೆ ಮುಂದೆ ಸರಿಸಿದರೆ ಜೇನಿನ ಸೆಟಪ್. ಆಮೇಲೆ ಕಪ್ಪು ಚಾರ್ಟ್ ಅಂಟಿಸಿ ಪುನರ್ಪುಳಿ. ಇಲ್ಲಿ ಒಂದು ಫ್ಲ್ಯಾಶ್ ಬೆಳ್ಳಿ ಕಾರ್ಡಿಗೆ ಹೋಗುವುದರಿಂದ ಲೇಬಲ್ಲಿಗೆ ಲೈಟು ಉಳಿಯುವುದಿಲ್ಲ, ಹಾಗಾಗಿ ಟ್ರೈಪಾಡ್ ಅಲುಗಿಸದೆ ಎರಡು ಫೋಟೋ ತೆಗೆಯಿರಿ, ಒಂದು ಕಾರ್ಡ್ ಬೆಳಗಿದ್ದು, ಇನ್ನೊಂದು ಅದೇ ಫ್ಲ್ಯಾಶನ್ನು ಟ್ರೇಸಿಂಗ್ ಪರದೆಯ ಹಿಂದಕ್ಕೆ ಒಯ್ದು ಲೇಬಲ್ ಬೆಳಗಿದ್ದು. ಫೋಟೋಶಾಪಿನಲ್ಲಿ ಒಂದರ ಮೇಲೊಂದು ಇಟ್ಟು ಎರಡನೆಯದರಿಂದ ಲೇಬಲನ್ನೂ ಎಡದ ಪಟ್ಟಿಯನ್ನೂ ಮಾಸ್ಕ್ ಮಾಡಿ ತೆಗೆದುಕೊಂಡರೆ ಆಯಿತು. ಮಿಡಿ ಉಪ್ಪಿನಕಾಯಿಯ ಮೂಲಕ ಬೆಳಕು ದಾಟುವುದೇ ಇಲ್ಲ, ಹಿಂದಿನ ಲೈಟಿನ ಹಂಗೇ ಅದಕ್ಕಿಲ್ಲ. ಬಿಳಿ ಸನ್‌ಬೋರ್ಡ್ ಹಿಂದಿಟ್ಟು, ಸಾಫ್ಟ್‌ಬಾಕ್ಸನ್ನು ಎಡಪರದೆಯ ಜಾಗಕ್ಕೆ ತಂದು, ಎರಡನೆಯ ಫ್ಲ್ಯಾಶನ್ನು ಸನ್‌ಬೋರ್ಡಿಗೆ ಹೊಡೆದರೆ ಸಾಕು. ಅದನ್ನು ಕೊನೆಗೇ ಇಟ್ಟುಕೊಳ್ಳಿ. ಮುಚ್ಚಳದ ಸಂದಿನಿಂದ ಜಿನುಗಿದ ಖಾರದೆಣ್ಣೆ ಕೈಗವಸಿಗೆ ಒಮ್ಮೆ ಹತ್ತಿದರೆ ಉಳಿದ ಬಾಟಲಿಗಳಿಗೆಲ್ಲ ಹತ್ತುತ್ತದೆ.